ಪುರುಷೋತ್ತಮನಿಂದ ಸಾಕವ್ವನವರೆಗೆ: ಒಂದು ಓದಿನ ಲೆಕ್ಕ

ವರ್ಷ ಮುಗಿಯುವಾಗ ಓದಿದ ಪುಸ್ತಕಗಳ ಪಟ್ಟಿ ಕೊಡುವುದು ರೂಢಿ. ಈ ಸಲ ಒಂದು ವರ್ಷದ್ದನ್ನು ಬಿಟ್ಟು ಇಡೀ ಓದಿನ ಲೆಕ್ಕವನ್ನೇ ತೆಗೆದು ನೋಡಿದೆ. ಎಪ್ಪತ್ತರ ದಶಕದಲ್ಲಿ ಮಲೆನಾಡಿನ ಸಣ್ಣ ಊರೊಂದರಲ್ಲಿ ಅಕ್ಷರ ಕಲಿತ ನನಗೆ ಇಂಥದ್ದನ್ನೇ ಓದು ಎಂದು ಹೇಳುವವರಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಓದಿದೆ. ರುಚಿ ತಾನಾಗಿ ಕುದುರಿತು.

ಮೊದಲು ಬಂದದ್ದು ‘ಚಂದಮಾಮ’. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಆರಂಭಿಸಿ ಆಮೇಲೆ ಕನ್ನಡಕ್ಕೂ ತಂದ ಮಾಸಪತ್ರಿಕೆ ಅದು. ಅದರ ವಿಕ್ರಮ-ಬೇತಾಳ ಕಥೆಯಲ್ಲಿ ಬೇತಾಳ ಪ್ರಶ್ನೆ ಕೇಳಿದ ಕೂಡಲೇ ಪುಟದ ಮೇಲೆ ಕೈಯಿಟ್ಟು, ವಿಕ್ರಮನಿಗಿಂತ ಮೊದಲು ಉತ್ತರ ಹೇಳಲು ಅಕ್ಕತಂಗಿಯರಲ್ಲಿ ಪೈಪೋಟಿ. ಕಥೆ ಕೇಳಿ ಸುಮ್ಮನಾಗದೆ ನ್ಯಾಯ ಯಾರ ಕಡೆಗಿದೆ ಎಂದು ಯೋಚಿಸುವ ಅಭ್ಯಾಸ ಶುರುವಾದದ್ದು ಅಲ್ಲಿ. ಶಾಲೆಯ ಕಪಾಟಿನಲ್ಲಿದ್ದ ‘ಭಾರತ-ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು ಒಂದೇ ಬೈಠಕ್ಕಿಗೆ ಮುಗಿಯುತ್ತಿದ್ದವು. ಒಂದು ಪುಸ್ತಕ ಪೂರ್ತಿ ಓದಿದೆ ಎಂಬ ಹೆಮ್ಮೆ ಮಗುವಿಗೆ ಎಷ್ಟು ದೊಡ್ಡದು!

ನಂತರ ಬಾಡಿಗೆ ಲೈಬ್ರರಿಯ ಕಾಲ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ಶಾಲೆ ಕಲಿತದ್ದು ನಾಲ್ಕನೇ ತರಗತಿವರೆಗೆ. ಬರೆದದ್ದು ನೂರಾರು ಕಾದಂಬರಿ. ಅವರನ್ನು ಓದುವ ಮಕ್ಕಳನ್ನು ಹಿರಿಯರು ಗದರುತ್ತಿದ್ದರು. ಆದರೆ ದಪ್ಪ ಪುಸ್ತಕಕ್ಕೆ ಹೆದರದೆ, ಸಣ್ಣ ಸುಳಿವನ್ನೂ ಮರೆಯದೆ ಮುಂದೆ ಮುಂದೆ ಓದುವುದನ್ನು ನನ್ನಂಥ ಸಾವಿರಾರು ಮಂದಿಗೆ ಕಲಿಸಿದವರು ಅವರೇ. ಕನ್ನಡ ಅವರ ಋಣದಲ್ಲಿದೆ.

ಇದೇ ಹೊತ್ತಿನಲ್ಲಿ ಮನೆಯ ಹೆಂಗಸರ ಓದೂ ನನ್ನದಾಯಿತು. 1965ರಲ್ಲಿ ಆರಂಭವಾಗಿದ್ದ ‘ಸುಧಾ’ ವಾರಕ್ಕೊಮ್ಮೆ ಬರುತ್ತಿತ್ತು. ಚಿಕ್ಕಮ್ಮ ಅದರ ಧಾರಾವಾಹಿಯ ಹಾಳೆಗಳನ್ನು ಬಿಡಿಸಿಟ್ಟು, ಕಂತುಗಳೆಲ್ಲ ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ಅವರ ಟ್ರಂಕಿನಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಇದ್ದರು. ಬಾಲವಿಧವೆಯ ಬದುಕು ಹೇಳುವ ‘ಫಣಿಯಮ್ಮ’ ಓದಿದ ಮೇಲೆ, ನಮ್ಮ ಓಣಿಯಲ್ಲೇ ಇದ್ದ ಕೆಂಪು ಸೀರೆಯ ಅಜ್ಜಿ ಬೇರೆಯಾಗಿ ಕಂಡರು.

ಕಾಲೇಜಿಗೆ ಬಂದಾಗ ತೇಜಸ್ವಿಯವರ ‘ಕರ್ವಾಲೊ’ ಸಿಕ್ಕಿತು. ಹಾರುವ ಓತಿಯ ಬೆನ್ನು ಹತ್ತಿ ಕಾಡು ನುಗ್ಗುವ ಆ ಕಾದಂಬರಿಯ ಒಳಗೆ ನಾನು ತಡವರಿಸದೆ ಹೊಕ್ಕೆ, ಏಕೆಂದರೆ ಹುಡುಕಾಟದ ಕಥೆ ಓದಿ ರೂಢಿಯಿತ್ತು. ನಿಜವಾದ ತಿರುವು ಬಂದದ್ದು ದೇವನೂರ ಮಹಾದೇವರ ‘ಒಡಲಾಳ’ದಲ್ಲಿ. ಅಲ್ಲೂ ಕಳವು ಇದೆ, ಪೊಲೀಸರ ತಪಾಸಣೆ ಇದೆ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ. ಅಷ್ಟು ವರ್ಷ ಪತ್ತೇದಾರನ ಹಿಂದೆ ಓಡಿದ್ದ ನನ್ನ ಮನಸ್ಸು ಅಂದು, ಪೊಲೀಸರಿಗೆ ಒಂದು ಸಿಪ್ಪೆಯೂ ಸಿಗದಿರಲಿ ಎಂದು ಹಾರೈಸಿತು. ನನ್ನ ಓದಿನಲ್ಲಿ ಆದ ಅತಿ ದೊಡ್ಡ ಬದಲಾವಣೆ ಇದೇ. ನ್ಯಾಯ ಯಾರ ಕಡೆಗಿದೆ ಎಂಬ ಬೇತಾಳನ ಪ್ರಶ್ನೆಗೆ ಮೊದಲ ಬಾರಿ ವಿಕ್ರಮನ ಉತ್ತರವಿಲ್ಲದೆ ನಾನೇ ಉತ್ತರಿಸಬೇಕಾಯಿತು.

ನಡುವಯಸ್ಸು ನಿಧಾನವನ್ನು ತಂದಿತು. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಹದಿಹರೆಯದಲ್ಲಿ ಬರೀ ಕಾಡಾಗಿ ಕಂಡಿತ್ತು. ನಲವತ್ತು ದಾಟಿದ ಮೇಲೆ ನಾಯಿಗುತ್ತಿಯ ಜೊತೆ, ಅವನ ನಾಯಿ ಹುಲಿಯನ ಜೊತೆ ಅವಸರವಿಲ್ಲದೆ ನಡೆಯಲು ಬಂತು. ಈಗ ಕಾದಂಬರಿಗಿಂತ ಆತ್ಮಕಥೆ, ಇತಿಹಾಸ ಹೆಚ್ಚು. ಫೋನು ಗಮನವನ್ನು ಕಸಿಯುತ್ತದೆ ನಿಜ. ಆದರೂ ರಾತ್ರಿ ಮಲಗುವ ಮೊದಲಿನ ಹೊತ್ತು ಇನ್ನೂ ಪುಸ್ತಕದ್ದೇ.

ಈ ಲೆಕ್ಕದಿಂದ ಹೊರಡುವ ಮಾತು ಒಂದು: ಮೇಲುಮಟ್ಟದ್ದು, ಕೀಳುಮಟ್ಟದ್ದು ಎಂದು ಪುಸ್ತಕಗಳಿಗೆ ಬಾಗಿಲಲ್ಲೇ ತಡೆ ಹಾಕಿದ್ದರೆ ಪುರುಷೋತ್ತಮನೂ ಇರುತ್ತಿರಲಿಲ್ಲ, ಸಾಕವ್ವನವರೆಗೆ ನಾನು ಬರುತ್ತಲೂ ಇರಲಿಲ್ಲ. ನನಗೆ ಒದಗಿದ ಬಾಡಿಗೆ ಲೈಬ್ರರಿಗಳು ಬಹುಪಾಲು ಮುಚ್ಚಿವೆ. ಹಾಗಾಗಿ ಹೊಣೆ ಈಗ ಸಾರ್ವಜನಿಕ ಗ್ರಂಥಾಲಯಗಳದ್ದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಆ ದುಡ್ಡು ಪೂರ್ತಿಯಾಗಿ ಪುಸ್ತಕವಾಗಿ ಊರೂರಿನ ಕಪಾಟಿಗೆ ಬರಬೇಕು. ಶಾಲೆ ಬಿಟ್ಟ ಮೇಲೂ ಗ್ರಂಥಾಲಯ ತೆರೆದಿರಬೇಕು, ಮಕ್ಕಳು ಪುಸ್ತಕವನ್ನು ಮನೆಗೆ ಒಯ್ಯುವಂತಿರಬೇಕು. ಏನನ್ನು ಓದಬೇಕೆಂಬುದನ್ನು ಅವರಿಗೇ ಬಿಡೋಣ. ಓದಲು ಸಾಕಷ್ಟು ಸಿಗುವಂತೆ ಮಾಡುವುದಷ್ಟೇ ನಮ್ಮ ಕೆಲಸ.