ಸೇವಂತಿಗೆ ಘಟ್ಟ ಇಳಿದೇ ಬರಬೇಕೇ?

ಚೌತಿಗೆ ಎರಡು ದಿನ ಇರುವಾಗ ಹೆಬ್ರಿ ಪೇಟೆಗೆ ಹೋಗಿ ನೋಡಿ. ರಸ್ತೆ ಬದಿಯಲ್ಲಿ ಸೇವಂತಿಗೆ ರಾಶಿ. ಎಲ್ಲ ಘಟ್ಟದ ಮೇಲಿನದ್ದು. ಹಾಸನ, ಚಿಕ್ಕಮಗಳೂರು ಕಡೆಯವರು ಮಾರು ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ನಾವು ಚೌಕಾಸಿ ಮಾಡಿ ತರುತ್ತೇವೆ.

"ನಮ್ಮಲ್ಲಿ ಸೇವಂತಿಗೆ ಆಗುವುದಿಲ್ಲ ಮಾರಾಯ್ರೇ, ಮಳೆ ಬಿಡಬೇಕಲ್ಲ" ಎನ್ನುವವರೇ ಹೆಚ್ಚು. ಈ ಮಾತು ಅರ್ಧ ಸತ್ಯ. ಉಳಿದರ್ಧ ನನಗೆ ಗೊತ್ತಾದದ್ದು ಕೈ ಸುಟ್ಟುಕೊಂಡ ಮೇಲೆ.

ನವರಾತ್ರಿಯ ರೇಟಿಗೆ ಆಸೆಪಟ್ಟು ಒಮ್ಮೆ ಜೂನಿನಲ್ಲೇ ಐದು ಸೆಂಟ್ಸಿಗೆ ಗಿಡ ನೆಟ್ಟೆ. ಎಲೆ ಕಪ್ಪಾಯಿತು, ಬುಡ ಕೊಳೆಯಿತು. ಆಟಿ ಮುಗಿಯುವಾಗ ಜಾಗ ಖಾಲಿ. ಮಾಡಿನ ಅಂಚಿನಲ್ಲಿ ಹಳೇ ಬಾಲ್ದಿಗಳಲ್ಲಿ ಉಳಿದಿದ್ದ ಆರು ಗಿಡ ಮಾತ್ರ ಡಿಸೆಂಬರಿನಲ್ಲಿ ತುಂಬಾ ಹೂ ಬಿಟ್ಟವು. ನನಗೆ ಪಾಠ ಹೇಳಿದ್ದು ಅವೇ.

ಸೇವಂತಿಗೆ ಬಹುವಾರ್ಷಿಕ ಗಿಡ. ಹೂ ಮುಗಿದ ಮೇಲೆ ಕತ್ತರಿಸಿದರೆ ಬುಡದಿಂದ ಹೊಸ ಚಿಗುರು ಏಳುತ್ತದೆ. ಈ ತಾಯಿಗಿಡಕ್ಕೆ ಮಳೆಗಾಲ ದಾಟಿಸುವುದೇ ನಮ್ಮ ಊರಿನ ಕೆಲಸ. ಮಳೆ ಬೀಳಬಾರದು, ಬೆಳಕು ಬೇಕು. ಒಂದು ತುಂಡು ಬಿಳಿ ಪ್ಲಾಸ್ಟಿಕ್ ಮಾಡು ಸಾಕು. ಜುಲೈಯಲ್ಲಿ ಮೂರು ನಾಲ್ಕು ಇಂಚಿನ ಚಿಗುರು ತೆಗೆದು ಹೊಯಿಗೆ, ಸುಡುಮಣ್ಣು ಬೆರೆಸಿದ ತೊಟ್ಟೆಗೆ ಊರಿ. ಬೇರು ಬಂದು ಬೆಳೆದ ಮೇಲೆ ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಮಳೆ ಇಳಿದ ಮೇಲೆ ಬೆಟ್ಟು ಜಾಗದಲ್ಲಿ ಏರುಮಡಿ ಮಾಡಿ, ಹಟ್ಟಿಗೊಬ್ಬರ ಹಾಕಿ, ಒಂದಡಿ ಅಂತರದಲ್ಲಿ ನೆಡಿ. ನೀರು ನಿಲ್ಲಲೇಬಾರದು.

"ಹಾಗಾದರೆ ನವೆಂಬರಿನಲ್ಲಿ ಹೊಸ ಸಸಿ ತಂದು ನೆಟ್ಟರಾಗದೇ?" ಆಗದು. ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ ಇದು. ನಮ್ಮಲ್ಲಿ ಅತಿ ಉದ್ದದ ಹಗಲೂ ಸುಮಾರು 13 ಗಂಟೆ, ಡಿಸೆಂಬರಿನಲ್ಲಿ ಹನ್ನೊಂದೂವರೆಯ ಆಸುಪಾಸು. ಗೇಣುದ್ದದ ಗಿಡವೂ ಮೊಗ್ಗು ಬಿಟ್ಟೀತು, ಹೂ ಸಿಗುವುದು ಬೆರಳೆಣಿಕೆ. ಘಟ್ಟದ ಮೇಲೆ ಕೆಲವರು ರಾತ್ರಿ ಹೊಲದಲ್ಲಿ ಬಲ್ಬು ಉರಿಸುವುದು ಇದಕ್ಕೇ. ಹಗಲು ಉದ್ದವೆಂದು ಗಿಡವನ್ನು ನಂಬಿಸಿ ಬೆಳೆಸುತ್ತಾರೆ. ನಮಗೆ ಆ ಕರೆಂಟು ಬಿಲ್ಲು ಯಾಕೆ? ಮೊದಲೇ ಪೊದೆ ಮಾಡಿಟ್ಟರೆ ಸಾಕು. ಆಗುಂಬೆಯ ಬುಡದಲ್ಲಿರುವ ನಮಗೆ ಧನುವಿನ ಚಳಿಯೂ ಸಹಾಯ ಮಾಡುತ್ತದೆ.

ಹೆಸರಘಟ್ಟದ ಸಂಶೋಧನಾ ಸಂಸ್ಥೆ ಚಂದ್ರಿಕಾ, ರವಿಕಿರಣ್, ಉಷಾಕಿರಣ್ ಎಂಬ ತಳಿಗಳನ್ನು ಕೊಟ್ಟಿದೆ. ಯಾವ ತಳಿಯೇ ಆಗಲಿ, ಮೊದಲು ಅಂಗಳದಲ್ಲಿ ಒಂದು ವರ್ಷ ನೋಡಿ.

ನನ್ನ ಅಭಿಪ್ರಾಯ ಇಷ್ಟೆ. ಚೌತಿ, ನವರಾತ್ರಿಗೆ ಘಟ್ಟದವರ ಜೊತೆ ಸ್ಪರ್ಧೆಗೆ ಹೋಗುವುದು ಬೇಡ. ಆ ಹೊತ್ತು ಅವರದ್ದು. ದೀಪಾವಳಿ ಕಳೆದರೆ ಪತ್ತನಾಜೆವರೆಗೆ ನಮ್ಮಲ್ಲಿ ನೇಮ, ಜಾತ್ರೆ, ಆಟ, ಮದುವೆ. ಅದರಲ್ಲಿ ಡಿಸೆಂಬರ್, ಜನವರಿ ನಮ್ಮ ಹೂವಿನ ಕಾಲ. ಬೆಳಗ್ಗೆ ಕೊಯ್ದದ್ದು ಸಂಜೆ ದೈವಸ್ಥಾನಕ್ಕೆ ತಲುಪುತ್ತದೆ. ಲಾರಿಯಲ್ಲಿ ಬಾಡಿ ಬಂದ ಹೂವಿಗೆ ಈ ಗುಣ ಎಲ್ಲಿ?

"ಎರಡು ಸೆಂಟ್ಸಿನಲ್ಲಿ ಎಂತ ಸಿಗುತ್ತದೆ?" ಎಂದು ಕೇಳುವವರು ಶಂಕರಪುರದ ಮಲ್ಲಿಗೆ ನೋಡಲಿ. ಅಲ್ಲಿಯೂ ಎಕರೆಗಟ್ಟಲೆ ತೋಟ ಇದ್ದವರೇ ಬೆಳೆಸಿದ್ದಲ್ಲ. ಮನೆ ಹಿತ್ತಿಲಲ್ಲಿ ಬೆಳೆದು, ಹೆಂಗಸರು ಕೊಯ್ದು ಕಟ್ಟಿದ ಹೂ. ಅದನ್ನು ಉಳಿಸಿದ್ದು ದಿನಾ ದರ ಹೇಳುವ, ಅಟ್ಟೆ ಲೆಕ್ಕದಲ್ಲಿ ಕೊಳ್ಳುವ ವ್ಯವಸ್ಥೆ. ನಮ್ಮ ಸೇವಂತಿಗೆಗೆ ಅಂಥ ಕಟ್ಟೆ ಇಲ್ಲ. ಆದ್ದರಿಂದ ನೆಡುವ ಮೊದಲೇ ಪೇಟೆಯ ಹೂವಿನಂಗಡಿಯವರನ್ನೂ ದೇವಸ್ಥಾನದವರನ್ನೂ ಮಾತಾಡಿಸಬೇಕು. ಹತ್ತು ಮನೆಯವರು ಒಟ್ಟಿಗೇ ಹತ್ತತ್ತು ಸೆಂಟ್ಸ್ ನೆಟ್ಟರೆ ಹೂ ತೋಟದಲ್ಲೇ ಒಣಗೀತು. ದೇವಸ್ಥಾನದ ಸಮಿತಿಯವರೂ "ಊರಿನ ಹೂ ಉಂಟಾ?" ಎಂದು ಒಮ್ಮೆ ಕೇಳುವ ಅಭ್ಯಾಸ ಮಾಡಲಿ.

ಈ ವರ್ಷ ನಾಲ್ಕೇ ಗಿಡ ತಂದು ಮಾಡಿನಡಿ ಮಳೆಗಾಲ ದಾಟಿಸಿ ನೋಡಿ. ಅವು ಬದುಕಿದರೆ ಮಾತ್ರ ಗದ್ದೆಗೆ ಇಳಿಯಿರಿ. ನನ್ನ ಹಾಗೆ ಮೊದಲೇ ಇಳಿಯಬೇಡಿ.