ಒಂದು ಪದಕ್ಕೆ ಒಂದೇ ಪದವೇ?

ಅನುವಾದವೆಂದರೆ ಒಂದು ಭಾಷೆಯ ಪದವನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದು ಭಾಷೆಯ ಪದವನ್ನು ಇಡುವುದು ಎಂಬ ಮತ ನಮ್ಮಲ್ಲಿ ಇನ್ನೂ ಬಲವಾಗಿದೆ. ಮೂಲದಲ್ಲಿ ಒಂದೇ ಪದವಿದ್ದರೆ ಅನುವಾದದಲ್ಲೂ ಎಲ್ಲೆಡೆ ಒಂದೇ ಪದವಿರಬೇಕಂತೆ. ಸಂದರ್ಭಕ್ಕೊಂದು ಪದ ಹಾಕಿದವನಿಗೆ ಮೂಲನಿಷ್ಠೆ ಇಲ್ಲವಂತೆ. ಈ ಮತದ ಪೊಳ್ಳನ್ನು ತೋರಿಸಲು ಹತ್ತು ಭಾಷೆಗಳ ಸಾಕ್ಷಿ ಬೇಡ. ಫ್ರೆಂಚಿನ ‘ರಕ್ಯುಲ್’ ಎಂಬ ಒಂದು ಪದ ಸಾಕು.

‘ರಕ್ಯುಲೆ’ ಎಂದರೆ ಹಿಂದಕ್ಕೆ ಸರಿಯುವುದು, ಸರಿಸುವುದು. ‘ರಕ್ಯುಲ್’ ಅದರ ನಾಮರೂಪ. ಇದರ ಹುಟ್ಟು ಅಷ್ಟೇನೂ ಗೌರವದ್ದಲ್ಲ: ಒಳಗೆ ಅಡಗಿರುವುದು ಪೃಷ್ಠವನ್ನು ಹೇಳುವ ‘ಕ್ಯು’ ಎಂಬ ಒರಟು ಮಾತು. ಇಂಗ್ಲಿಷರು ಮಧ್ಯಯುಗದಲ್ಲಿಯೇ ಈ ಪದವನ್ನು ಕಡ ತಂದು ‘ರಿಕಾಯಿಲ್’ ಮಾಡಿಕೊಂಡರು. ಇಂದಿನ ಇಂಗ್ಲಿಷಿನಲ್ಲಿ ಅದು ಬಹುಮಟ್ಟಿಗೆ ಬಂದೂಕಿನ ಹಿಂದೊದೆತಕ್ಕೂ, ಭಯದಿಂದಲೋ ಅಸಹ್ಯದಿಂದಲೋ ಬೆಚ್ಚಿ ಸರಿಯುವುದಕ್ಕೂ ಸೀಮಿತವಾಗಿದೆ. ತವರಿನಲ್ಲಿ ಹಾಗಾಗಲಿಲ್ಲ. ಫಿರಂಗಿ ಹಿಂದಕ್ಕೆ ಒದೆಯುವುದು ರಕ್ಯುಲ್, ಸೈನ್ಯ ಹಿಮ್ಮೆಟ್ಟುವುದು ರಕ್ಯುಲ್, ನಿರುದ್ಯೋಗ ಇಳಿಯುವುದು ರಕ್ಯುಲ್, ಸರ್ಕಾರ ಹಟ ಬಿಟ್ಟು ಮಣಿಯುವುದೂ ರಕ್ಯುಲ್. ಇವಕ್ಕೆಲ್ಲ ‘ಹಿನ್ನಡೆ’ ಎಂದು ಬರೆದು ನೋಡಿ. ನಿರುದ್ಯೋಗಕ್ಕೆ ಹಿನ್ನಡೆಯಾಯಿತು ಎಂದರೆ ಅದು ಸಂತೋಷದ ಸುದ್ದಿಯೋ ದುಃಖದ ಸುದ್ದಿಯೋ ಓದುಗನಿಗೆ ತಿಳಿಯದು.

ಅರ್ಥ ಮಸುಕಾಗುವುದನ್ನಾದರೂ ಸಹಿಸಬಹುದು, ತಲೆಕೆಳಗಾಗುವುದನ್ನು ಸಹಿಸಲಾಗದು. 2023ರಲ್ಲಿ ಫ್ರಾನ್ಸಿನ ಸರ್ಕಾರ ನಿವೃತ್ತಿಯ ಕನಿಷ್ಠ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಕಾನೂನು ತಂದಿತು. ಲಕ್ಷಾಂತರ ಜನ ಅದರ ವಿರುದ್ಧ ಬೀದಿಗಿಳಿದರು. ಈ ಏರಿಕೆಗೆ ಫ್ರೆಂಚಿನಲ್ಲಿ ಸಲ್ಲುವ ಮಾತು ‘ನಿವೃತ್ತಿ ವಯಸ್ಸಿನ ರಕ್ಯುಲ್’! ಗೊತ್ತಾದ ದಿನವನ್ನು ಇನ್ನಷ್ಟು ತಡಮಾಡುವುದಕ್ಕೆ ನಾವು ಮುಂದೂಡುವುದು ಎನ್ನುತ್ತೇವೆ. ಫ್ರೆಂಚರು ಹಿಂದಕ್ಕೆ ಸರಿಸುವುದು ಎನ್ನುತ್ತಾರೆ. ನಿಷ್ಠಾವಂತ ಅನುವಾದಕ ‘ನಿವೃತ್ತಿ ವಯಸ್ಸು ಹಿಂದಕ್ಕೆ’ ಎಂದು ಬರೆದರೆ ನಮ್ಮ ಗುಮಾಸ್ತೆ ಏನೆಂದು ತಿಳಿದಾನು? ವಯಸ್ಸು ಇಳಿಯಿತೆಂದೇ ತಿಳಿದು, ಇದಕ್ಕೂ ಮುಷ್ಕರ ಹೂಡುವ ಫ್ರೆಂಚರಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡಾನು. 2025ರ ಅಕ್ಟೋಬರಿನಲ್ಲಿ ಅಲ್ಲಿನ ಪ್ರಧಾನಿ ಈ ಸುಧಾರಣೆಯನ್ನು ತಡೆಹಿಡಿಯುವುದಾಗಿ ಘೋಷಿಸಿದರು. ಸರ್ಕಾರ ಹಾಗೆ ಮಣಿದದ್ದೂ ಒಂದು ರಕ್ಯುಲ್ ತಾನೆ? ಒಂದು ರಕ್ಯುಲ್ ಇನ್ನೊಂದು ರಕ್ಯುಲ್ಲಿಗೆ ಅಡ್ಡ ನಿಂತ ಈ ಸಂಗತಿಯನ್ನು ಒಂದೇ ಪದದ ವ್ರತ ಹಿಡಿದವರು ಕನ್ನಡದಲ್ಲಿ ಹೇಗೆ ಹೇಳುತ್ತಾರೆ?

“ಇಷ್ಟೆಲ್ಲ ತಾಪತ್ರಯವೇಕೆ? ಇಂಗ್ಲಿಷಿನವರು ಬಿಡಿಸಿ ಕೊಟ್ಟಿದ್ದನ್ನು ತೆಗೆದುಕೊಂಡರಾಯಿತು” ಎನ್ನುವವರಿದ್ದಾರೆ. ನಿವೃತ್ತಿಯ ವಿಷಯದಲ್ಲಿ ಇಂಗ್ಲಿಷ್ ಪತ್ರಿಕೆಗಳು ವಯಸ್ಸಿನ ಏರಿಕೆ ಎಂದೇ ನೇರವಾಗಿ ಬರೆದವು, ಒಪ್ಪಿದೆವು. ಆದರೆ ಮನಸ್ಸಿಲ್ಲದ ಕೆಲಸಕ್ಕೆ ಹೋಗುವವನನ್ನು ಫ್ರೆಂಚರು ‘ಆ ರಕ್ಯುಲೋಂ’ ಹೋಗುತ್ತಾನೆ ಎನ್ನುತ್ತಾರೆ. ಮುಖ ಇತ್ತ, ಕಾಲು ಅತ್ತ ಎಂಬ ಚಿತ್ರ ಅದರಲ್ಲಿದೆ. ಇಂಗ್ಲಿಷಿಗೆ ಬಂದಾಗ ಅದು ಸಾಮಾನ್ಯವಾಗಿ ‘ರಿಲಕ್ಟೆಂಟ್ಲಿ’ ಆಗುತ್ತದೆ. ಅಲ್ಲಿಂದ ಕನ್ನಡಕ್ಕೆ ಬಂದರೆ ‘ಅನಿಚ್ಛೆಯಿಂದ’. ಕಾಲೂ ಹೋಯಿತು, ನಡಿಗೆಯೂ ಹೋಯಿತು. ‘ಹಿಂದೇಟು ಹಾಕುತ್ತ’ ಎಂಬ ಜೀವಂತ ಮಾತು ನಮ್ಮ ಮನೆಯಲ್ಲೇ ಇರುವಾಗ ಲಂಡನ್ನಿನ ದಾರಿ ಹಿಡಿದು ಬರುವುದೇಕೆ? ದೂರ ನೆಗೆಯಲು ಎರಡು ಹೆಜ್ಜೆ ಹಿಂದೆ ಸರಿಯಬೇಕೆಂಬ ಅವರ ಗಾದೆಗೂ, ಗುದ್ದುವ ಮುನ್ನ ಹಿಂದೆ ಸರಿಯುವ ನಮ್ಮ ಟಗರಿಗೂ ಮಧ್ಯಸ್ಥರು ಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಚಿತ್ರಕಾರ ಪಟದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಚಿತ್ರವನ್ನು ನೋಡುತ್ತಾನೆ. ಆ ಅಂತರವೂ ರಕ್ಯುಲ್. ಸ್ವಂತ ಜಗಳವನ್ನು ಹೊರಗೆ ನಿಂತು ನೋಡುವ ಸಮಾಧಾನವೂ ರಕ್ಯುಲ್. ಕೊರೋನಾ ಲಸಿಕೆಗಳು ಬಂದಾಗ ಫ್ರಾನ್ಸಿನಲ್ಲಿ ಹಲವರು ‘ರಕ್ಯುಲ್ ಸಾಲದು’ ಎಂದರು. ಬಳಕೆಗೆ ಬಂದು ಬಹಳ ಕಾಲವಾಗಿಲ್ಲ, ದೂರದಿಂದ ನೋಡಿ ತೂಗುವಷ್ಟು ಅನುಭವ ಕೂಡಿಲ್ಲ ಎಂಬುದು ಅದರ ಅರ್ಥ. ಇದಕ್ಕೆ ಇಂಗ್ಲಿಷಿನವರು ಒಮ್ಮೊಮ್ಮೆ ‘ಹೈಂಡ್‌ಸೈಟ್’ ಎನ್ನುತ್ತಾರೆ. ಅದರಲ್ಲಿ ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಪಶ್ಚಾತ್ತಾಪದ ವಾಸನೆಯಿದೆ, ರಕ್ಯುಲ್ಲಿನಲ್ಲಿ ಅದಿಲ್ಲ. ಹಿಂದೆ ಸರಿಯುವುದು ಇಲ್ಲಿ ಸೋಲಲ್ಲ, ವಿವೇಕ. ಈ ಅರ್ಥ ಕೈಬಿಟ್ಟರೆ ಹೋಗುವುದು ಬರಿಯ ಪದವಲ್ಲ, ಒಂದು ಜನ ವಿವೇಕವನ್ನು ಕಂಡ ಬಗೆ.

ಹಾಗಾದರೆ ಅನುವಾದಕನಿಗೆ ಮನಬಂದಂತೆ ಬರೆಯುವ ಪರವಾನಗಿ ಕೊಟ್ಟಂತಾಯಿತಲ್ಲ ಎಂದು ಆಕ್ಷೇಪಿಸಬಹುದು. ನಿಜಕ್ಕೂ ಅವನ ಹೊರೆ ಹೆಚ್ಚಿತು. ಪದಕ್ಕೆ ಪದ ಇಟ್ಟವನು ನಿಘಂಟಿನ ಮೇಲೆ ಭಾರ ಹಾಕಿ ಪಾರಾಗುತ್ತಾನೆ. ಅರ್ಥ ಹಿಡಿಯಹೊರಟವನು ಪ್ರತಿ ವಾಕ್ಯಕ್ಕೂ ತಾನೇ ಜವಾಬು ಹೇಳಬೇಕು. ಇದನ್ನು ಒಪ್ಪದ ಮಹನೀಯರು ಫಿರಂಗಿ, ನಿರುದ್ಯೋಗ, ನಿವೃತ್ತಿ, ಚಿತ್ರಕಾರ, ಲಸಿಕೆ ಈ ಐದಕ್ಕೂ ಹೊಂದುವ ಒಂದೇ ಒಂದು ಕನ್ನಡ ಪದವನ್ನು ಕೊಡಲಿ. ಕೊಡುವವರೆಗೆ ಅವರೇ ಸ್ವಲ್ಪ ರಕ್ಯುಲ್ ತೆಗೆದುಕೊಳ್ಳುವುದು ಒಳ್ಳೆಯದು. ಯಾವ ಅರ್ಥದಲ್ಲಿ ಎಂಬುದನ್ನು ಅವರ ಆಯ್ಕೆಗೇ ಬಿಟ್ಟಿದ್ದೇವೆ.