ಕೀಲಿ ತಿರುಗಿಸಿದಾಗ ಹೊತ್ತುವ ದೀಪಗಳು

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೋದವರು ಸಾಮಾನ್ಯವಾಗಿ ನೋಡುವುದು ಬಣ್ಣ, ಸೀಟು, ಟೈರು ಮತ್ತು ಓಡಿದ ಕಿಲೋಮೀಟರು. ಎಷ್ಟೋ ಸಲ ಮಾರುವವರು ಎಂಜಿನ್ ಚಾಲೂ ಮಾಡಿಯೇ ಕಾರನ್ನು ಮುಂದೆ ತಂದು ನಿಲ್ಲಿಸಿರುತ್ತಾರೆ. ಆಗ ಕೊಳ್ಳುವವರಿಗೆ ಒಂದು ಮುಖ್ಯ ಪರೀಕ್ಷೆ ತಪ್ಪಿಹೋಗುತ್ತದೆ. ಎಂಜಿನ್ ತಣ್ಣಗಿರುವಾಗ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿ, ಸೆಲ್ಫ್ ಹೊಡೆಯದೆ, ಐದಾರು ಸೆಕೆಂಡು ಮೀಟರುಗಳ ಫಲಕವನ್ನು ನೋಡುವುದೇ ಆ ಪರೀಕ್ಷೆ. ಇದಕ್ಕೆ ಖರ್ಚಿಲ್ಲ, ಮೆಕ್ಯಾನಿಕ್ ಕೂಡ ಬೇಕಿಲ್ಲ.

ಕೀಲಿ ತಿರುಗಿಸಿದೊಡನೆ ಆಯಿಲ್, ಬ್ಯಾಟರಿ, ಎಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪಗಳು ಹೊತ್ತಬೇಕು. ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಕಾರಿಗೆ ತಕ್ಕಂತೆ ಕೆಲವು ಸೆಕೆಂಡುಗಳಲ್ಲಿ ಆರುತ್ತವೆ. ಆಯಿಲ್ ಮತ್ತು ಬ್ಯಾಟರಿ ದೀಪಗಳು ಎಂಜಿನ್ ಚಾಲೂ ಆದ ಮೇಲೆ ಆರುತ್ತವೆ. ಹೊತ್ತಿಕೊಂಡೇ ಇರುವ ದೀಪವನ್ನು ಕಂಡು ಜನ ಹೆದರುತ್ತಾರೆ. ಆದರೆ ಹೊತ್ತಬೇಕಾದಾಗ ಹೊತ್ತದ ದೀಪದ ಮೇಲೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಬಲ್ಬು ಹೋಗಿರಬಹುದು, ತಂತಿ ತುಂಡಾಗಿರಬಹುದು, ದೋಷ ಕಾಣದಿರಲೆಂದು ಯಾರೋ ದೀಪವನ್ನೇ ತೆಗೆದಿರಲೂಬಹುದು. ಏರ್‌ಬ್ಯಾಗ್ ದೀಪ ಹೊತ್ತಲೇ ಇಲ್ಲವೆಂದರೆ ಅಪಘಾತದ ಗಳಿಗೆಯಲ್ಲಿ ಅದು ಉಬ್ಬುತ್ತದೆಂದು ನಂಬುವಂತಿಲ್ಲ.

ಕೆಂಪು ಮತ್ತು ಹಳದಿ

ದೀಪಗಳ ಬಣ್ಣಕ್ಕೂ ಅರ್ಥವಿದೆ. ಓಡುತ್ತಿರುವಾಗ ಕೆಂಪು ದೀಪ ಹೊತ್ತಿದರೆ ಅದು ತುರ್ತು ಸೂಚನೆ. ಹಳದಿಯಾದರೆ ಬೇಗನೆ ತೋರಿಸಬೇಕೆಂಬ ಸೂಚನೆ. ಕೆಂಪು ಆಯಿಲ್ ದೀಪ ಹೇಳುವುದು ಎಣ್ಣೆಯ ಒತ್ತಡ ಇಳಿದಿದೆ ಎಂಬುದನ್ನು. ಒತ್ತಡವಿಲ್ಲದಿದ್ದರೆ ಬೇರಿಂಗುಗಳ ನಡುವಿನ ಎಣ್ಣೆಯ ಪದರ ಒಡೆದು ಲೋಹಕ್ಕೆ ಲೋಹ ಉಜ್ಜುತ್ತದೆ. ‘ಮುಂದಿನ ಊರಿನ ಗ್ಯಾರೇಜಿನವರೆಗೆ ಹೋಗೋಣ’ ಎಂದು ಹೊರಟರೆ ಅಷ್ಟರಲ್ಲಿ ಎಂಜಿನ್ನೇ ಹಾಳಾಗಬಹುದು. ಸುರಕ್ಷಿತವಾದ ಕಡೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಬ್ಯಾಟರಿ ದೀಪ ಹೊತ್ತಿದರೆ ಆಲ್ಟರ್ನೇಟರಿನಿಂದ ಚಾರ್ಜ್ ಆಗುತ್ತಿಲ್ಲ ಎಂದರ್ಥ. ಬ್ಯಾಟರಿಯಲ್ಲಿ ಉಳಿದ ಶಕ್ತಿ ಮುಗಿಯುವವರೆಗೆ ಮಾತ್ರ ಕಾರು ಓಡುತ್ತದೆ.

ಹಳದಿ ಎಂಜಿನ್ ದೀಪ ಸ್ಥಿರವಾಗಿ ಹೊತ್ತಿದ್ದರೆ ಕೆಲವು ದಿನಗಳೊಳಗೆ ತೋರಿಸಬಹುದು. ಅದು ಮಿನುಗುತ್ತಿದ್ದರೆ ತಡಮಾಡುವಂತಿಲ್ಲ. ಯಾವುದೋ ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ, ಅಲ್ಲಿ ಉರಿದು, ಆ ದುಬಾರಿ ಭಾಗವನ್ನು ಸುಡುತ್ತಿರಬಹುದು.

ಕಿಡಿ ಹುಟ್ಟುವ ಬಗೆ

ಪೆಟ್ರೋಲ್ ಕಾರಿನ ಬ್ಯಾಟರಿ 12 ವೋಲ್ಟಿನದು. ಒಂದು ಮಿಲಿಮೀಟರಿನ ಆಸುಪಾಸು ಅಂತರವಿರುವ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಅದು ಸಾಲದು. ಅಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟ್ ಬೇಕು. ಈ ಕೆಲಸ ಮಾಡುವುದು ಇಗ್ನಿಷನ್ ಕಾಯಿಲ್. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ಸುತ್ತಿ, ಒಂದರ ವಿದ್ಯುತ್ತನ್ನು ಕೊಟ್ಟಾಗ ಮತ್ತು ಕಡಿದಾಗ ಮಾತ್ರ ಇನ್ನೊಂದರಲ್ಲಿ ವಿದ್ಯುತ್ ಹುಟ್ಟುವುದನ್ನು ಕಂಡರು. ಕಾಯಿಲ್ ನಡೆಯುವುದು ಅದೇ ತತ್ತ್ವದ ಮೇಲೆ.

ದ್ವಿತೀಯಕ ಸುರುಳಿಯಲ್ಲಿ ಸುಮಾರು ನೂರು ಪಟ್ಟು ಹೆಚ್ಚು ಸುತ್ತುಗಳಿರುತ್ತವೆ. ಹನ್ನೆರಡನ್ನು ನೂರರಿಂದ ಗುಣಿಸಿದರೆ 1,200 ಮಾತ್ರ. ಉಳಿದ ವೋಲ್ಟ್ ಎಲ್ಲಿಂದ ಬಂತು ಎಂದು ಪಿಯುಸಿ ವಿದ್ಯಾರ್ಥಿಗಳು ಕೇಳಬಹುದು. ಪ್ರಾಥಮಿಕ ಸುರುಳಿಯ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಸ್ವಪ್ರೇರಣೆಯಿಂದ ಅದರಲ್ಲೇ ಇನ್ನೂರು ಮುನ್ನೂರು ವೋಲ್ಟ್ ಏಳುತ್ತದೆ. ನೂರು ಪಟ್ಟಾಗುವುದು ಅದು. ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಹೀಗೆ ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟಿನದಾಗಿತ್ತು, ಈಗ ಟ್ರಾನ್ಸಿಸ್ಟರಿನದು. ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಸೆಕೆಂಡಿಗೆ ನೂರು ಕಿಡಿ ಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಅಲ್ಲಿ ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಬೇಕು.

ಚಾಲೂ ಆಗದಿದ್ದಾಗ

ಇಲ್ಲಿ ಮೊದಲು ಕಿವಿಗೆ ಕೆಲಸ. ಸೆಲ್ಫ್ ಹೊಡೆದಾಗ ಬರೀ ಟಕಟಕ ಸದ್ದು ಬಂದರೆ, ಇಲ್ಲವೇ ಎಂಜಿನ್ ನರಳುತ್ತ ತಿರುಗಿದರೆ, ಬ್ಯಾಟರಿ ಮತ್ತು ಅದರ ತುದಿಗಳ ಕಿಲುಬನ್ನು ನೋಡಬೇಕು. ಪೂರ್ಣ ಚಾರ್ಜಿನ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ. ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಹಾರುತ್ತಿಲ್ಲ. ಬೀಗದ ಚಿಹ್ನೆಯ ದೀಪ ಮಿನುಗುತ್ತಿದ್ದರೆ ಕೀಲಿಯೊಳಗಿನ ಚಿಪ್ಪನ್ನು ಕಾರು ಗುರುತಿಸಿಲ್ಲದಿರಬಹುದು. ಆಗ ಎರಡನೆಯ ಕೀಲಿಯಿಂದ ಪ್ರಯತ್ನಿಸಬೇಕು. ಕೊಳ್ಳುವಾಗ ಎರಡೂ ಕೀಲಿ ಕೇಳಿ ಪಡೆಯಬೇಕೆನ್ನುವುದು ಇದಕ್ಕಾಗಿಯೂ ಹೌದು.

ಚಾಲೂ ಆಗಿಯೂ ಎಂಜಿನ್ ‘ಮಿಸ್’ ಹೊಡೆಯುತ್ತಿದ್ದರೆ ಸ್ಕ್ಯಾನರ್ ನೆರವಿಗೆ ಬರುತ್ತದೆ. ನಮ್ಮ ದೇಶದಲ್ಲಿ ಬಿಎಸ್-4 ಕಾರುಗಳಿಗೆ 2013ರ ಏಪ್ರಿಲಿನಿಂದ ಒಬಿಡಿ-2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ‘ಪಿ 0301’ ಎಂಬಂಥ ಸಂಕೇತ ಕಾಣುತ್ತದೆ. ಒಂದನೆಯ ಸಿಲಿಂಡರಿನಲ್ಲಿ ಉರಿತ ತಪ್ಪುತ್ತಿದೆ ಎಂದು ಇದರ ಅರ್ಥ. ಜ್ವರ ಇದೆ ಎಂದು ಥರ್ಮಾಮೀಟರ್ ತೋರಿಸಿದ ಹಾಗೆ; ಕಾರಣ ಯಾವುದೆಂದು ಅದು ಹೇಳದು.

ಇಲ್ಲಿಯೇ ದುಡ್ಡು ಪೋಲಾಗುವುದು. ಮೊದಲು ಪ್ಲಗ್, ಆಮೇಲೆ ಕಾಯಿಲ್, ಆಮೇಲೆ ಇಂಜೆಕ್ಟರ್ ಎಂದು ಊಹೆಯ ಮೇಲೆ ಒಂದೊಂದೇ ಹೊಸದು ಹಾಕುತ್ತ ಹೋಗುತ್ತಾರೆ. ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಇದಕ್ಕಿಂತ ಸರಳ ಉಪಾಯವಿದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಅದಲುಬದಲು ಮಾಡಿ, ಸಂಕೇತ ಅಳಿಸಿ, ಕಾರು ಓಡಿಸಿ ನೋಡಬೇಕು. ಈಗ ‘ಪಿ 0302’ ಬಂದರೆ ದೋಷ ಕಾಯಿಲಿನ ಜೊತೆ ಹೋಯಿತು, ಕಾಯಿಲೇ ಕೆಟ್ಟಿದೆ. ಮತ್ತೆ 0301 ಬಂದರೆ ಕಾಯಿಲ್ ನಿರ್ದೋಷಿ. ಪ್ಲಗ್ಗನ್ನು ಹಾಗೆಯೇ ಬದಲಿಸಿ ನೋಡಬೇಕು. ಆಗಲೂ ದೋಷ ಕದಲದಿದ್ದರೆ ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ ಕಡೆ ಗಮನ ಹರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲಿತಾಂಶ ನೋಡುವುದು ಪ್ರಯೋಗಶಾಲೆಯ ಮೊದಲ ಪಾಠ. ಗ್ಯಾರೇಜಿನಲ್ಲೂ ಅದೇ ದುಡ್ಡು ಉಳಿಸುತ್ತದೆ.

ಮಾರುವ ಮುನ್ನ ಸ್ಕ್ಯಾನರಿನಿಂದ ಸಂಕೇತ ಅಳಿಸಿ ದೀಪ ಆರಿಸುವುದೂ ಉಂಟು. ಆದರೆ ಅಳಿಸಿದಾಗ ಕಾರಿನ ಸ್ವಯಂ ತಪಾಸಣೆಗಳೂ ‘ಅಪೂರ್ಣ’ ಸ್ಥಿತಿಗೆ ಮರಳುತ್ತವೆ. ಅವು ಮತ್ತೆ ಮುಗಿಯಲು ಕೆಲವು ಸಲವಾದರೂ ಕಾರು ಓಡಬೇಕು. ಸ್ಕ್ಯಾನರಿನಲ್ಲಿ ಹಲವು ತಪಾಸಣೆಗಳು ಅಪೂರ್ಣವೆಂದು ಕಂಡರೆ ಕಾರಣ ಕೇಳಬೇಕು. ಬ್ಯಾಟರಿ ಬಿಚ್ಚಿದ್ದರೂ ಹೀಗಾಗಬಹುದಾದ್ದರಿಂದ, ಕೆಲವು ದಿನ ಬಿಟ್ಟು ಮತ್ತೆ ನೋಡಿ ಮುಂಗಡ ಕೊಡುವುದು ಕ್ಷೇಮ.

ಒಂದು ಎಚ್ಚರಿಕೆ: ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರು ಎಳೆದು ಕಿಡಿ ನೋಡುವ ಹಳೆಯ ರೂಢಿ ಅಪಾಯಕಾರಿ. ಏರ್‌ಬ್ಯಾಗಿನ ತಂತಿಗಳನ್ನಂತೂ ಮನೆಯಲ್ಲಿ ಮುಟ್ಟಲೇಬಾರದು. ಆದರೆ ದೀಪ ನೋಡಲು ಯಾವ ಭಯವೂ ಇಲ್ಲ. ಕಾರು ನೋಡಲು ಹೋಗುವ ದಿನ ಮನೆಯ ವಿದ್ಯಾರ್ಥಿಯ ಕೈಗೆ ಕಾಗದ, ಪೆನ್ಸಿಲು ಕೊಟ್ಟು, ಕೀಲಿ ತಿರುಗಿಸಿದಾಗ ಯಾವ ದೀಪ ಹೊತ್ತಿತು, ಯಾವುದು ಆರಿತು, ಯಾವುದು ಹೊತ್ತಲೇ ಇಲ್ಲ ಎಂದು ಬರೆಸಿಕೊಳ್ಳಬಹುದು. ಬೆಲೆ ಮಾತಾಡುವ ಮೊದಲು ಆ ಪಟ್ಟಿಯನ್ನು ಓದಬೇಕು.